ಗಾಣದೆತ್ತಿನ ಹಾಗೆ ಸುತ್ತುವ ಡ್ರೋನ್: ಜಿಪಿಎಸ್ ತಪ್ಪೋ, ಕಂಪಾಸ್ ತಪ್ಪೋ?

(ಮಂಡ್ಯದಲ್ಲಿ ಸಿಂಪಡಣೆ ಡ್ರೋನ್ ಹಾರಿಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಬಹಳ ಜನ ಈ ದೃಶ್ಯ ಕಂಡಿರುತ್ತೀರಿ. ಟ್ಯಾಂಕ್ ತುಂಬಿದ ಡ್ರೋನ್ ಕಬ್ಬಿನ ಗದ್ದೆಯ ಮೇಲೆ ಎದ್ದು ನಿಲ್ಲುತ್ತದೆ. ಎರಡು ಕ್ಷಣ ನೆಟ್ಟಗಿರುತ್ತದೆ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಜಾರಿ ಒಂದು ಸುತ್ತು ಹಾಕುತ್ತದೆ. ಮುಂದಿನ ಸುತ್ತು ಇನ್ನಷ್ಟು ಅಗಲ, ಅದರ ಮುಂದಿನದು ಮತ್ತೂ ಅಗಲ, ವೇಗವೂ ಏರುತ್ತದೆ. ಹಳೇ ಆಲೆಮನೆಯಲ್ಲಿ ಗಾಣದ ಎತ್ತು ಸುತ್ತುತ್ತಿದ್ದ ಹಾಗೆ. ಎತ್ತಿಗಾದರೆ ಕಟ್ಟಿದ ಮರದ ಅಳತೆ ಇತ್ತು, ಇದಕ್ಕೆ ಅದೂ ಇಲ್ಲ. ಪೈಲಟ್‌ಗಳು ಇದಕ್ಕೆ 'ಟಾಯ್ಲೆಟ್ ಬೌಲಿಂಗ್' ಅಂತಾರೆ. ನೋಡಿದವರೆಲ್ಲ ಹೇಳುವ ಮೊದಲ ಮಾತು 'ಜಿಪಿಎಸ್ ಹೋಯ್ತು'. ಲಾಗ್ (ಹಾರಾಟದ ದಾಖಲೆ) ತೆಗೆದು ನೋಡಿದರೆ ಅಲ್ಲಿ ಉಪಗ್ರಹಗಳು ಹದಿನೆಂಟೋ ಇಪ್ಪತ್ತೋ ಇರುತ್ತವೆ, ಜಿಪಿಎಸ್‌ನಲ್ಲಿ ಕೊರತೆಯೇ ಇರುವುದಿಲ್ಲ. ಕೆಟ್ಟಿರುವುದು ಕಂಪಾಸ್.

ಇವತ್ತು ನಾವು ಹೇಳಬೇಕಾದ ಮುಖ್ಯ ಮಾತು ಇದೇ. ಜಿಪಿಎಸ್ ಹೇಳುವುದು ಡ್ರೋನ್ ಎಲ್ಲಿದೆ ಅಂತ. ಕಂಪಾಸ್ ಹೇಳುವುದು ಅದರ ಮೂತಿ ಯಾವ ಕಡೆಗಿದೆ ಅಂತ. ಎರಡರ ರೋಗವೂ ಬೇರೆ, ಮದ್ದೂ ಬೇರೆ. ಒಂದಕ್ಕೆ ಬಂದ ರೋಗಕ್ಕೆ ಇನ್ನೊಂದಕ್ಕೆ ಮದ್ದು ಕೊಡುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಡ್ರೋನೂ ಹೋಗುತ್ತದೆ. ಇಲ್ಲಿ ಹೇಳುವ ಮಿತಿಗಳು ಆರ್ಡುಪೈಲಟ್ ತಂತ್ರಾಂಶ ಹಾಕಿದ ಡ್ರೋನ್‌ಗೆ ಸೇರಿದವು. ಬೇರೆ ಕಂಟ್ರೋಲರ್‌ಗಳಲ್ಲಿ (ಡ್ರೋನನ್ನು ನಡೆಸುವ ಬೋರ್ಡು) ಹೆಸರು ಬೇರೆ ಇರಬಹುದು, ಒಳಗಿನ ತತ್ವ ಒಂದೇ.

ಸುತ್ತುವುದು ಯಾಕೆ?

ಗಾಳಿ ಬಂದು ಡ್ರೋನನ್ನು ಪೂರ್ವಕ್ಕೆ ಒಂದು ಮೀಟರ್ ತಳ್ಳಿತು ಅಂದುಕೊಳ್ಳಿ. ಜಿಪಿಎಸ್ ಅದನ್ನು ಸರಿಯಾಗಿ ಹೇಳಿತು. ಈಗ ಕಂಟ್ರೋಲರ್ ಡ್ರೋನನ್ನು ಪಶ್ಚಿಮಕ್ಕೆ ತರಬೇಕು. ಆದರೆ ಮೋಟರ್‌ಗಳಿಗೆ ಪೂರ್ವ ಪಶ್ಚಿಮ ತಿಳಿಯದು, ಅವಕ್ಕೆ ತಿಳಿಯುವುದು ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ ವಾಲುವುದು ಮಾತ್ರ. ಪಶ್ಚಿಮ ಅನ್ನುವುದನ್ನು ಎಡ ಬಲಕ್ಕೆ ಬದಲಾಯಿಸಲು ಮೂತಿ ಯಾವ ದಿಕ್ಕಿಗಿದೆ ಅಂತ ಗೊತ್ತಿರಲೇಬೇಕು. ಕಂಪಾಸ್ 40 ಡಿಗ್ರಿ ತಪ್ಪು ಹೇಳಿದರೆ ಡ್ರೋನ್ ಪಶ್ಚಿಮಕ್ಕೆ ಹೋಗುವ ಬದಲು 40 ಡಿಗ್ರಿ ಓರೆಗೆ ಹೋಗುತ್ತದೆ. ಜಿಪಿಎಸ್ ಮತ್ತೆ 'ಇಲ್ಲ, ತಪ್ಪಿದೆ' ಅನ್ನುತ್ತದೆ, ಅದು ಮತ್ತೆ ಓರೆಗೆ ಹೋಗುತ್ತದೆ. ಹಾಗೆ ಓರೆ ಓರೆಯಾಗಿ ಸೇರಿದ್ದೇ ಸುತ್ತು. ಹತ್ತು ಡಿಗ್ರಿ ತಪ್ಪಿದ್ದರೆ ಸ್ವಲ್ಪ ಹೊಯ್ದಾಡಿ ನಿಲ್ಲುತ್ತದೆ. ತಪ್ಪು ಹೆಚ್ಚಿದಂತೆ ಸುತ್ತು ಅಗಲವಾಗುತ್ತದೆ. 90 ಡಿಗ್ರಿ ದಾಟಿದರೆ ಸರಿಪಡಿಸಲು ಮಾಡುವ ಪ್ರತಿ ಪ್ರಯತ್ನವೂ ಅದನ್ನು ಇನ್ನಷ್ಟು ದೂರಕ್ಕೆ ಓಡಿಸುತ್ತದೆ.

'ಮೊಬೈಲ್ ಮ್ಯಾಪಿನಲ್ಲಿ ಕಾರಿನ ಬಾಣ ಸರಿಯಾಗೇ ತೋರಿಸುತ್ತದಲ್ಲ' ಅಂತ ಕೇಳಬಹುದು. ಕಾರು ಮೂತಿ ಇರುವ ಕಡೆಗೇ ಓಡುತ್ತದೆ, ಆದ್ದರಿಂದ ಓಡುವ ದಿಕ್ಕೇ ಮೂತಿಯ ದಿಕ್ಕು. ಮಲ್ಟಿರೋಟರ್ ಮೂತಿ ಒಂದು ಕಡೆ ಇಟ್ಟುಕೊಂಡು ಪಕ್ಕಕ್ಕೂ ಹಾರುತ್ತದೆ, ನಿಂತಲ್ಲೇ ನಿಲ್ಲುತ್ತದೆ. ನಿಂತಾಗ ಒಂದೇ ಆಂಟೆನಾದ ಜಿಪಿಎಸ್‌ನಿಂದ ದಿಕ್ಕು ಸಿಗುವುದಿಲ್ಲ.

ಕಂಪಾಸಿನ ಶತ್ರು ಡ್ರೋನಿನೊಳಗೇ ಇದೆ

ಮಂಡ್ಯ, ಮೈಸೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್ (ಗಾಸ್ ಅಂದರೆ ಕಾಂತಕ್ಷೇತ್ರದ ಬಲದ ಅಳತೆ). ಒಂದು ವಿಷಯದಲ್ಲಿ ನಾವು ಪುಣ್ಯವಂತರು. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ, ಹಾಗಾಗಿ ಇಲ್ಲಿ ಈ ಕ್ಷೇತ್ರ ಹೆಚ್ಚೂ ಕಡಿಮೆ ನೆಲಕ್ಕೆ ಸಮನಾಗಿ ಮಲಗಿದೆ. ಯುರೋಪಿನ ಉತ್ತರದ ದೇಶಗಳಲ್ಲಿ ಅದು ನೆಲದೊಳಕ್ಕೆ ಕಡಿದಾಗಿ ಇಳಿಯುತ್ತದೆ, ದಿಕ್ಕು ಹೇಳಲು ಬೇಕಾದ ಅಡ್ಡ ಭಾಗ ಕೊಂಚವೇ ಉಳಿಯುತ್ತದೆ. ನಮಗೆ ಆ 0.4ರಲ್ಲಿ ಬಹುಪಾಲು ಕೈಗೆ ಸಿಗುತ್ತದೆ. ಆದರೂ ಅದು 0.4 ಮಾತ್ರ, ಬಲು ಸಣ್ಣದು.

ಈಗ ವೈರಿನ ಲೆಕ್ಕ ಮಾಡೋಣ. ಹತ್ತು ಲೀಟರ್ ಟ್ಯಾಂಕ್ ತುಂಬಿಕೊಂಡು 25 ಕೆಜಿ ಹತ್ತಿರ ತೂಗುವ ಡ್ರೋನ್ ನಿಂತಲ್ಲಿ ನಿಲ್ಲಲು ಎಳೆಯುವ ಕರೆಂಟ್ ಲೆಕ್ಕಕ್ಕೆ ಸುಲಭವಾಗಲಿ ಅಂತ 100 ಆಂಪಿಯರ್ ಅನ್ನೋಣ. ಒಂದೇ ಒಂದು ವೈರಿನಲ್ಲಿ 100 ಆಂಪಿಯರ್ ಹರಿದರೆ ಹತ್ತು ಸೆಂಟಿಮೀಟರ್ ದೂರದಲ್ಲಿ 2 ಗಾಸ್ ಕ್ಷೇತ್ರ ಹುಟ್ಟುತ್ತದೆ. ಭೂಮಿಯದರ ಐದು ಪಟ್ಟು! ಹೋಗುವ ಪ್ಲಸ್ ವೈರು, ಬರುವ ಮೈನಸ್ ವೈರು ಒಂದು ಸೆಂಟಿಮೀಟರ್ ಅಂತರದಲ್ಲಿ ಜೊತೆಯಾಗಿ ಹೋದರೆ ಒಂದರ ಕ್ಷೇತ್ರವನ್ನು ಇನ್ನೊಂದು ತಿನ್ನುತ್ತದೆ, ಅದೇ ಹತ್ತು ಸೆಂಟಿಮೀಟರಿನಲ್ಲಿ ಉಳಿಯುವುದು ಸುಮಾರು 0.2 ಗಾಸ್. ಅದು ಅಡ್ಡಲಾಗಿ ಬಿದ್ದರೆ ದಿಕ್ಕು 26 ಡಿಗ್ರಿ ತಪ್ಪುತ್ತದೆ. ಕಂಪಾಸನ್ನು 20 ಸೆಂಟಿಮೀಟರಿಗೆ ಎತ್ತಿದರೆ 0.05 ಗಾಸ್, ತಪ್ಪು 7 ಡಿಗ್ರಿ. 30ಕ್ಕೆ ಎತ್ತಿದರೆ ತಪ್ಪು 3 ಡಿಗ್ರಿ. ದೂರ ಇಮ್ಮಡಿಯಾದರೆ ತೊಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಕಂಪಾಸ್ ವಿಷಯದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಮದ್ದು ಇಲ್ಲ: ಮಾಸ್ಟ್ (ಜಿಪಿಎಸ್ ಮತ್ತು ಕಂಪಾಸ್ ಒಟ್ಟಿಗಿರುವ ಮಾಡ್ಯೂಲನ್ನು ಹೊತ್ತ ಕಂಬ) ಎತ್ತರ ಮಾಡಿ, ಪ್ಲಸ್ ಮೈನಸ್ ಎರಡನ್ನೂ ಹೊಸೆಯಿರಿ. ದಪ್ಪ ವೈರು ಹೊಸೆಯಲು ಬಗ್ಗದಿದ್ದರೆ ಉದ್ದಕ್ಕೂ ಜೋಡಿಸಿ ಬಿಗಿಯಾಗಿ ಕಟ್ಟಿ.

ಎರಡು ಬ್ಯಾಟರಿ ಇರುವ ಡ್ರೋನ್‌ಗಳಲ್ಲಿ ನಾವು ಕಾಣುವ ದೊಡ್ಡ ತಪ್ಪು ಎಂದರೆ ಒಂದರ ಪ್ಲಸ್ ಎಡಗಡೆಯಿಂದ, ಇನ್ನೊಂದರ ಮೈನಸ್ ಬಲಗಡೆಯಿಂದ ಹಾಯಿಸಿ ನಡುವೆ ದೊಡ್ಡ ಬಳೆ ಮಾಡುವುದು. ಕರೆಂಟ್ ಹರಿಯುವ ಬಳೆ ಅಂದರೆ ಅದೊಂದು ಅಯಸ್ಕಾಂತ. ಅದರ ನೆತ್ತಿಯ ಮೇಲೆ ಜಿಪಿಎಸ್ ಕೂಡಿಸಿದರೆ ಯಾವ ಕ್ಯಾಲಿಬ್ರೇಷನ್ನೂ (ಕಂಪಾಸಿನ ಅಳತೆ ಸರಿಹೊಂದಿಸುವುದು) ಕಾಪಾಡದು.

ಇದರಿಂದ ಹುಟ್ಟುವ ಒಂದು ಲಕ್ಷಣವನ್ನು ನೆನಪಿಡಿ. ಟ್ಯಾಂಕ್ ಖಾಲಿಯಾಗುತ್ತಾ ಹೋದಂತೆ ಕರೆಂಟ್ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಸುತ್ತಿ, ಔಷಧಿ ಮುಗಿಯುತ್ತಾ ಬಂದಂತೆ ಸುಮ್ಮನಾಗುವ ಡ್ರೋನಿನಲ್ಲಿ ಮೊದಲು ಅನುಮಾನ ಪಡಬೇಕಾದ್ದು ವೈರನ್ನು. ಖಾಲಿ ಟ್ಯಾಂಕಿನಲ್ಲಿ ಪರೀಕ್ಷೆ ಮಾಡಿ 'ಚೆನ್ನಾಗಿದೆ' ಅಂತ ಗದ್ದೆಗೆ ಒಯ್ದರೆ ಅಲ್ಲಿ ಕೈಕೊಡುತ್ತದೆ.

ಮಾಸ್ಟ್ ಬಗ್ಗೆ ಇನ್ನೊಂದು ಮಾತು. ಮಡಚುವ ಮಾಸ್ಟ್ ಸಡಿಲವಾಗಿ 15 ಡಿಗ್ರಿ ತಿರುಗಿದರೆ ದಿಕ್ಕೂ ಅಷ್ಟೇ ತಪ್ಪುತ್ತದೆ. ಮಾಡ್ಯೂಲಿನ ಮೇಲಿನ ಬಾಣ ಮೂತಿಯ ಕಡೆಗಿರಲಿ, ಮಾಸ್ಟಿನ ಬುಡದಲ್ಲಿ ಬಣ್ಣದ ಗೆರೆ ಎಳೆದಿಡಿ, ಹಾರಿಸುವ ಮುನ್ನ ಗೆರೆಗೆ ಗೆರೆ ಸೇರಿದೆಯೇ ನೋಡಿ. ಮಾಡ್ಯೂಲಿನ ಪಕ್ಕ ಕಬ್ಬಿಣದ ಸ್ಕ್ರೂ ಬೇಡ, ಹಿತ್ತಾಳೆ ಅಥವಾ ನೈಲಾನ್ ಹಾಕಿ. ಸ್ಟೀಲ್ ಸ್ಕ್ರೂ ಎಲ್ಲವೂ ನಂಬಲರ್ಹವಲ್ಲ. ಅಯಸ್ಕಾಂತಕ್ಕೆ ಅಂಟುತ್ತದೆಯೇ ಪರೀಕ್ಷಿಸಿ. ಬಜರ್, ಅಯಸ್ಕಾಂತದ ಮುಚ್ಚಳ ಇವೂ ದೂರವಿರಲಿ. ಕಂಟ್ರೋಲರ್ ಬೋರ್ಡಿನೊಳಗೂ ಒಂದು ಕಂಪಾಸ್ ಇರುತ್ತದೆ. ಅದು ವೈರುಗಳ ನಡುವೆಯೇ ಕೂತಿರುವುದರಿಂದ ದೊಡ್ಡ ಡ್ರೋನಿನಲ್ಲಿ ಅದನ್ನು ಬಳಕೆಯಿಂದ ತೆಗೆದುಬಿಡುವುದೇ ಮೇಲು.

ಕ್ಯಾಲಿಬ್ರೇಷನ್: ದಿನಾ ಮಾಡಬೇಡಿ

ದಿನಾ ಬೆಳಗ್ಗೆ ದೇವರಿಗೆ ದೀಪ ಹಚ್ಚಿದ ಹಾಗೆ ಕ್ಯಾಲಿಬ್ರೇಷನ್ ಮಾಡುವ ಅಭ್ಯಾಸ ಕೆಲವರಿಗಿದೆ. ಬೇಡ. ಡ್ರೋನಿನ ಭಾಗ ಬದಲಾಗದಿದ್ದರೆ, ಬಿದ್ದಿರದಿದ್ದರೆ, ಒಮ್ಮೆ ಒಳ್ಳೆಯ ಜಾಗದಲ್ಲಿ ಮಾಡಿದ್ದು ಸಾಕು. ಪಾಂಡವಪುರದಲ್ಲಿ ಮಾಡಿದ್ದನ್ನು ಮಳವಳ್ಳಿಗೆ ಹೋದಾಗ ಮತ್ತೆ ಮಾಡಬೇಕಿಲ್ಲ. ದಿನಾ ಮಾಡುವವರು ಒಂದಲ್ಲ ಒಂದು ದಿನ ಕೆಟ್ಟ ಜಾಗದಲ್ಲಿ ಮಾಡಿ, ಒಳ್ಳೆಯ ಅಳತೆಯನ್ನು ತಾವೇ ಅಳಿಸುತ್ತಾರೆ.

ಕೆಟ್ಟ ಜಾಗ ಯಾವುದು? ಆರ್‌ಸಿಸಿ ತಾರಸಿ, ಅದರೊಳಗಿನ ಕಂಬಿ ಕಣ್ಣಿಗೆ ಕಾಣದು. ನಾಲೆಯ ಸೇತುವೆ. ಪಂಪ್‌ಹೌಸ್, ಬೋರ್‌ವೆಲ್ಲಿನ ಕಬ್ಬಿಣದ ಕೇಸಿಂಗ್. ಟ್ರ್ಯಾಕ್ಟರ್, ಟ್ರೇಲರ್, ಡ್ರೋನ್ ತಂದ ಗಾಡಿ. ಒಳ್ಳೆಯ ಜಾಗ ಎಂದರೆ ಕಟಾವಾದ ಬರೀ ಗದ್ದೆಯ ನಡುವೆ, ಇವೆಲ್ಲದರಿಂದ ಹತ್ತು ಹದಿನೈದು ಮೀಟರ್ ಆಚೆ. ಪ್ರೊಪೆಲ್ಲರ್ ಬಿಚ್ಚಿ, ಬ್ಯಾಟರಿ ಮತ್ತು ಖಾಲಿ ಟ್ಯಾಂಕ್ ತಮ್ಮ ಜಾಗದಲ್ಲೇ ಇರಲಿ. ಜೇಬಿನ ಮೊಬೈಲ್, ಬೀಗದ ಕೈ, ಉಕ್ಕಿನ ಕಡಗ, ವಾಚು ಎಲ್ಲ ತೆಗೆದಿಟ್ಟು ಇಬ್ಬರು ಹಿಡಿದು ಆರು ಮುಖಕ್ಕೂ ತಿರುಗಿಸಿ: ನೆಟ್ಟಗೆ, ಬೋರಲು, ಎಡಮಗ್ಗುಲು, ಬಲಮಗ್ಗುಲು, ಮೂತಿ ಮೇಲೆ, ಮೂತಿ ಕೆಳಗೆ, ಪ್ರತಿ ಮುಖದಲ್ಲೂ ಒಂದು ಪೂರ್ತಿ ಸುತ್ತು. ಎತ್ತಿ ತಿರುಗಿಸಲಾಗದಷ್ಟು ದೊಡ್ಡದಿದ್ದರೆ, ಮೂತಿಯನ್ನು ಗೊತ್ತಿರುವ ದಿಕ್ಕಿಗೆ ನಿಲ್ಲಿಸಿ ಆ ಡಿಗ್ರಿ ತುಂಬಿ ಕ್ಯಾಲಿಬ್ರೇಟ್ ಮಾಡುವ ದಾರಿಯೂ ತಂತ್ರಾಂಶದಲ್ಲಿದೆ, ಅದಕ್ಕೆ ಜಿಪಿಎಸ್ ಲಾಕ್ ಆಗಿರಬೇಕು.

ಆದಮೇಲೆ ಒಂದು ಸರಳ ಪರೀಕ್ಷೆ. ನಮ್ಮ ದೃಷ್ಟಿಯಲ್ಲಿ ಇವತ್ತಿನ ಮಾತುಗಳಲ್ಲಿ ಅತಿ ಉಪಯುಕ್ತವಾದದ್ದು ಇದು. ನೇರವಾಗಿರುವ ಬದುವನ್ನೋ ಕಾಲುದಾರಿಯನ್ನೋ ಆರಿಸಿ, ಉಪಗ್ರಹ ಚಿತ್ರದ ಮ್ಯಾಪಿನಲ್ಲಿ ಅದರ ದಿಕ್ಕು ಎಷ್ಟು ಡಿಗ್ರಿ ಅಂತ ಅಳೆದುಕೊಳ್ಳಿ. ಡ್ರೋನನ್ನು ಮರದ ಸ್ಟೂಲಿನ ಮೇಲಿಟ್ಟು ಮೂತಿಯನ್ನು ಅದಕ್ಕೆ ಸಮನಾಗಿ ಹಿಡಿದು ಪರದೆಯಲ್ಲಿ ಬರುವ ಸಂಖ್ಯೆ ಬರೆಯಿರಿ. 90 ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ. ಹೀಗೆ ನಾಲ್ಕು ಸಲ. ನಾಲ್ಕರಲ್ಲೂ ತಪ್ಪು ಒಂದೇ ಅಳತೆಯದಾದರೆ, ಉದಾಹರಣೆಗೆ ಎಲ್ಲದರಲ್ಲೂ 12 ಡಿಗ್ರಿ ಹೆಚ್ಚು, ಮಾಸ್ಟ್ ತಿರುಗಿದೆ. 90 ಅಥವಾ 180 ತಪ್ಪಾದರೆ ಕಂಪಾಸ್ ಕೂತಿರುವ ರೀತಿಯನ್ನು ಸೆಟ್ಟಿಂಗಿನಲ್ಲಿ ತಪ್ಪಾಗಿ ತುಂಬಿದ್ದೀರಿ. ಒಂದೊಂದು ದಿಕ್ಕಿಗೆ ಒಂದೊಂದು ತಪ್ಪು ಬಂದರೆ ಹತ್ತಿರದಲ್ಲಿ ಕಬ್ಬಿಣವಿದೆ ಅಥವಾ ಕ್ಯಾಲಿಬ್ರೇಷನ್ ಕೆಟ್ಟಿದೆ. ಸ್ಟೂಲನ್ನು ಹತ್ತು ಮೀಟರ್ ಸರಿಸಿದಾಗ ಸಂಖ್ಯೆ ಬದಲಾದರೆ ಕಬ್ಬಿಣ ನೆಲದಲ್ಲಿದೆ. ನೆಲದ ಮೇಲೆ ನಾಲ್ಕೂ ಸರಿಯಿದ್ದು, ಹಾರಿದಾಗ ಮಾತ್ರ ಕೆಟ್ಟರೆ ಅದು ಕರೆಂಟಿನ ಕೆಲಸ.

ಕರೆಂಟಿನ ಕೆಲಸ ಹೌದೋ ಅಲ್ಲವೋ ಅನ್ನುವುದನ್ನು ಲಾಗ್ ಸಾಬೀತು ಮಾಡುತ್ತದೆ. ಕಂಪಾಸಿನ ಎಕ್ಸ್, ವೈ, ಜೆಡ್ ಗೆರೆಗಳ ಜೊತೆ ಬ್ಯಾಟರಿ ಕರೆಂಟಿನ ಗೆರೆಯನ್ನು ಒಂದೇ ಗ್ರಾಫಿನಲ್ಲಿ ಹಾಕಿ. ಥ್ರಾಟಲ್ ಏರಿದ ಕ್ಷಣಕ್ಕೇ ಕಂಪಾಸ್ ಗೆರೆಯೂ ಏರಿ, ಇಳಿದಾಗ ಇಳಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಒಟ್ಟು ಕ್ಷೇತ್ರದ ಬದಲಾವಣೆ 30 ಪ್ರತಿಶತದೊಳಗಿದ್ದರೆ ನಡೆಯುತ್ತದೆ, 30ರಿಂದ 60 ಅನುಮಾನದ ಜಾಗ, 60 ದಾಟಿದರೆ ವೈರು ಸರಿಮಾಡದೆ ಹಾರಿಸಬಾರದು. ಒಟ್ಟು ಕ್ಷೇತ್ರವನ್ನು ಮಾತ್ರ ನೋಡಿ ನೆಮ್ಮದಿಯಾಗಬೇಡಿ: ಅಡ್ಡಲಾಗಿ ಬಿದ್ದ ಕ್ಷೇತ್ರ ಉದ್ದವನ್ನು ಅಷ್ಟಾಗಿ ಬದಲಿಸದೆ ದಿಕ್ಕನ್ನು ತಿರುಗಿಸಿಬಿಡುತ್ತದೆ. ಮೂರು ಗೆರೆಯನ್ನೂ ಬೇರೆ ಬೇರೆಯಾಗಿ ನೋಡಿ.

ಕರೆಂಟಿಗೆ ತಕ್ಕಂತೆ ಕಂಪಾಸನ್ನು ತಿದ್ದುವ ಕಂಪಾಸ್‌ಮಾಟ್ ಎಂಬ ವಿಧಾನವಿದೆ. ಅದಕ್ಕೆ ಪ್ರೊಪೆಲ್ಲರ್‌ಗಳನ್ನು ಅದಲು ಬದಲು ಮಾಡಿ ತಲೆಕೆಳಗಾಗಿ ಹಾಕಿ, ಡ್ರೋನನ್ನು ನೆಲಕ್ಕೆ ಒತ್ತುವಂತೆ ಮಾಡಿ ಥ್ರಾಟಲ್ ಏರಿಸಬೇಕು. ಪುಟ್ಟ ಡ್ರೋನಿಗೆ ಸರಿ. 25 ಕೆಜಿಯ ಸಿಂಪಡಣೆ ಡ್ರೋನಿಗೆ ಇದನ್ನು ನಾವು ಹೇಳುವುದಿಲ್ಲ, ಕೈಕಾಲು ಹೋಗುತ್ತದೆ. ಅದರ ಬದಲು ತೆರೆದ ಜಾಗದಲ್ಲಿ ಎಂಟರ ಆಕಾರದಲ್ಲಿ ಹಾರಿಸಿ, ಆ ಲಾಗನ್ನು ಮ್ಯಾಗ್‌ಫಿಟ್ ಉಪಕರಣಕ್ಕೆ ಕೊಡಿ, ಅದು ಕರೆಂಟಿನ ತಿದ್ದುಪಡಿಯನ್ನೂ ಲೆಕ್ಕ ಹಾಕಿ ಕೊಡುತ್ತದೆ. ಮೊದಲು ವೈರು, ಆಮೇಲೆ ತಿದ್ದುಪಡಿ. ಈ ಕ್ರಮ ತಪ್ಪಬಾರದು.

ಇನ್ನು ಜಿಪಿಎಸ್

ಜಿಪಿಎಸ್ ಉಪಗ್ರಹ ಇರುವುದು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ಬಂದು ಆಂಟೆನಾ ಮುಟ್ಟುವ ಶಕ್ತಿ ಎಷ್ಟು ಅಂದರೆ, ಒಂದು ವಾಟ್ ಅನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ನೂರು ಪಾಲು ಮಾಡಿದರೆ ಸಿಗುವಷ್ಟು. ಆಕಾಶದಲ್ಲಿ ಏನೂ ಆಗದೆ, ಡ್ರೋನಿನ ಮೇಲಿನ ಕ್ಯಾಮೆರಾ ಅಥವಾ ವಿಡಿಯೊ ಟ್ರಾನ್ಸ್‌ಮಿಟರ್ ಎಬ್ಬಿಸುವ ಗದ್ದಲದಲ್ಲೇ ಅದು ಮುಳುಗಿಬಿಡಬಹುದು. ಪತ್ತೆ ಹಚ್ಚುವುದು ಹೀಗೆ: ಡ್ರೋನನ್ನು ಬಯಲಿನಲ್ಲಿಟ್ಟು ಜಿಪಿಎಸ್ ಮಾತ್ರ ಚಾಲೂ ಮಾಡಿ, ಪ್ರತಿ ಉಪಗ್ರಹದ ಸಿಗ್ನಲ್ ಬಲ ನೋಡಿ. ಒಳ್ಳೆಯ ಮಾಡ್ಯೂಲಿನಲ್ಲಿ ನೆತ್ತಿಯ ಮೇಲಿನ ಉಪಗ್ರಹಗಳು 40 ಡೆಸಿಬಲ್-ಹರ್ಟ್ಸ್ ದಾಟುತ್ತವೆ. ಆಮೇಲೆ ಕ್ಯಾಮೆರಾ, ವಿಡಿಯೊ, ಪಂಪು ಒಂದೊಂದಾಗಿ ಚಾಲೂ ಮಾಡಿ. ಯಾವುದು ಚಾಲೂ ಆದಾಗ ಎಲ್ಲ ಉಪಗ್ರಹಗಳ ಬಲವೂ ಒಟ್ಟಿಗೆ ಐದಾರು ಇಳಿಯಿತೋ ಅದೇ ಕಾರಣ. ಅದನ್ನು ದೂರ ಸರಿಸಿ, ಇಲ್ಲವೇ ತಾಮ್ರದ ಟೇಪು ಸುತ್ತಿ ಗ್ರೌಂಡಿಗೆ ಜೋಡಿಸಿ. ಆಂಟೆನಾ ಕೆಳಗೆ 70 ಮಿಲಿಮೀಟರ್ ಚೌಕದ ಲೋಹದ ತಟ್ಟೆ ಇದ್ದರೆ ಬಲ ಹೆಚ್ಚುತ್ತದೆ, ನೀರು ನಿಂತ ಭತ್ತದ ಗದ್ದೆಯಿಂದ ಪುಟಿದು ಬರುವ ಸಿಗ್ನಲ್ಲೂ ತಡೆಯಾಗುತ್ತದೆ. ತಟ್ಟೆ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಆಗಿರಲಿ, ತಗಡು ಕಬ್ಬಿಣದ್ದಾದರೆ ಕಂಪಾಸ್ ಕೆಡುತ್ತದೆ. ಆಂಟೆನಾ ಮೇಲೆ ಕಾರ್ಬನ್ ಫೈಬರ್ ಏನೂ ಇರಬಾರದು.

ಉಪಗ್ರಹಗಳ ಸಂಖ್ಯೆಯ ಜೊತೆಗೆ ಎಚ್‌ಡಾಪ್ ನೋಡಿ. ಉಪಗ್ರಹಗಳು ಆಕಾಶದಲ್ಲಿ ಎಷ್ಟು ಚೆನ್ನಾಗಿ ಹರಡಿವೆ ಅಂತ ಹೇಳುವ ಅಂಕಿ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಆರ್ಡುಪೈಲಟ್ 1.4ಕ್ಕಿಂತ ಹೆಚ್ಚಿದ್ದರೆ ಹಾರಲು ಬಿಡುವುದಿಲ್ಲ. ಬಯಲಿನಲ್ಲಿ ಅದು 1ಕ್ಕಿಂತ ಕೆಳಗೇ ಇರಬೇಕು. ತೆಂಗಿನ ತೋಟದ ಅಂಚಿಗೆ ನಿಂತರೆ ಅರ್ಧ ಆಕಾಶ ಮುಚ್ಚಿ, ಸಿಕ್ಕ ಉಪಗ್ರಹಗಳೆಲ್ಲ ಒಂದೇ ಮಗ್ಗುಲಿಗೆ ಗುಂಪಾಗುತ್ತವೆ, ಎಣಿಕೆ ಚೆನ್ನಾಗಿದ್ದರೂ ಲೆಕ್ಕ ಹದಗೆಡುತ್ತದೆ. ಬ್ಯಾಟರಿ ಹಾಕಿದ ಕೂಡಲೇ ಅವಸರಪಡಬೇಡಿ. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ಅಷ್ಟನ್ನೂ ಕೇಳಿಸಿಕೊಳ್ಳಲು ಎರಡು ಮೂರು ನಿಮಿಷ ಬಿಡಿ. ಆರ್ಮ್ ಮಾಡಿದ (ಮೋಟರ್‌ಗಳನ್ನು ಹಾರಾಟಕ್ಕೆ ಸಜ್ಜು ಮಾಡಿದ) ಜಾಗವೇ ಹೋಮ್, ಅಂದರೆ ಡ್ರೋನ್ ಮರಳಿ ಬರುವ ಜಾಗ. ಜಿಪಿಎಸ್ ನೆಲೆಯಾಗುವ ಮುನ್ನ ಆರ್ಮ್ ಮಾಡಿದರೆ ಆರ್‌ಟಿಎಲ್ (ತಾನಾಗಿಯೇ ಹೋಮ್‌ಗೆ ಮರಳುವ ಮೋಡ್) ಒತ್ತಿದಾಗ ಡ್ರೋನ್ ಪಕ್ಕದ ಗದ್ದೆಗೆ ಇಳಿಯುತ್ತದೆ. ಆರ್‌ಟಿಎಲ್ ಎತ್ತರ ಮೊದಲೇ 15 ಮೀಟರ್ ಅಂತ ಇಟ್ಟಿರುತ್ತಾರೆ. ನಮ್ಮ ಕಡೆಯ ಹಳೇ ತೆಂಗಿನ ಮರ 20, 25 ಮೀಟರ್ ಇರುತ್ತದೆ. ಇದನ್ನು ಇವತ್ತೇ ಬದಲಾಯಿಸಿ.

ಈಗ ನಮ್ಮ ಸೀಮೆಗೇ ಸೇರಿದ ಒಂದು ಮಾತು. ಕೆಪಿ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂಬ ಅಳತೆ) ನೋಡಿ ಹಾರಿಸುವ ಅಭ್ಯಾಸ ಹೊರದೇಶಗಳಿಂದ ಬಂದಿದೆ. ಕಾಂತ ಬಿರುಗಾಳಿ ಕಂಪಾಸನ್ನು ಕೆಡಿಸುತ್ತದೆ ಅಂತ ಹೆದರುವವರಿದ್ದಾರೆ. ದೊಡ್ಡ ಬಿರುಗಾಳಿಯೂ ಇಲ್ಲಿನ ಕ್ಷೇತ್ರವನ್ನು ಬದಲಿಸುವುದು ನೂರಕ್ಕೆ ಒಂದರ ಆಸುಪಾಸು, ಕಂಪಾಸಿಗೆ ಅದು ಲೆಕ್ಕಕ್ಕೇ ಇಲ್ಲ. ನಮ್ಮ ತೊಂದರೆ ಬೇರೆ. ಕಾಂತೀಯ ಸಮಭಾಜಕದ ಹತ್ತಿರದ ಅಯಾನುಗೋಳದಲ್ಲಿ (ವಾತಾವರಣದ ಮೇಲಿನ, ವಿದ್ಯುತ್ ಕಣಗಳ ಪದರ) ಸೂರ್ಯ ಮುಳುಗಿದ ಮೇಲೆ ಗುಳ್ಳೆಗಳೇಳುತ್ತವೆ, ಸಿಗ್ನಲ್ ನಕ್ಷತ್ರದ ಹಾಗೆ ಮಿನುಗುತ್ತದೆ. ರಾತ್ರಿ ಏಳೂವರೆ ಎಂಟರಿಂದ ನಡುರಾತ್ರಿಯವರೆಗೆ ಇದರ ಕಾಟ ಹೆಚ್ಚು, ಅದರಲ್ಲೂ ಮಾರ್ಚ್ ಏಪ್ರಿಲ್, ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ, ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ. ಕೆಪಿ ಶಾಂತವಾಗಿರುವ ರಾತ್ರಿಯೂ ಇದು ನಡೆಯುತ್ತದೆ. ದಸರೆ ಬರುವುದೂ ಅದೇ ತಿಂಗಳಲ್ಲಿ, ಮೈಸೂರಿನ ಬನ್ನಿಮಂಟಪದ ಡ್ರೋನ್ ಪ್ರದರ್ಶನ ನಡೆಯುವುದೂ ರಾತ್ರಿಯೇ; ಅಂಥ ಕೆಲಸ ಹಿಡಿಯುವವರು ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಬೆಳಗಿನ ಸಿಂಪಡಣೆಗೆ ಇದರ ಭಯವಿಲ್ಲ.

ಹಗಲಿನಲ್ಲಿ ಇರುವುದು ಇನ್ನೊಂದು ಬಗೆಯ ತಪ್ಪು. ಮಧ್ಯಾಹ್ನ ಎರಡರ ಸುಮಾರಿಗೆ ಅಯಾನುಗೋಳ ದಪ್ಪವಾಗಿ ಸಿಗ್ನಲ್ ತಡವಾಗಿ ಬರುತ್ತದೆ. ಒಂದೇ ಆವರ್ತನದ ಮಾಡ್ಯೂಲು ತನ್ನೊಳಗಿನ ಸೂತ್ರದಿಂದ ಅದರಲ್ಲಿ ಸುಮಾರು ಅರ್ಧವನ್ನು ಮಾತ್ರ ತಿದ್ದಬಲ್ಲದು. ಹತ್ತು ನಿಮಿಷದ ಒಂದು ಹಾರಾಟದೊಳಗೆ ಸಾಲಿಗೆ ಸಾಲು ಚೆನ್ನಾಗೇ ಕೂರುತ್ತದೆ. ಆದರೆ ಮಧ್ಯಾಹ್ನ ಗದ್ದೆಯ ಗಡಿ ಗುರುತಿಸಿ ಮರುದಿನ ಬೆಳಗ್ಗೆ ಹಾರಿಸಿದರೆ ಇಡೀ ಗದ್ದೆಯೇ ಎರಡು ಮೂರು ಮೀಟರ್ ಪಕ್ಕಕ್ಕೆ ಸರಿದ ಹಾಗಾಗುತ್ತದೆ. ಬದುವಿನಾಚೆ ಹಿಪ್ಪುನೇರಳೆ ಇದ್ದರೆ ಆ ಎರಡು ಮೀಟರ್ ಸಣ್ಣದಲ್ಲ: ಕೀಟನಾಶಕ ಬಿದ್ದ ಸೊಪ್ಪು ತಿಂದ ರೇಷ್ಮೆಹುಳು ಬದುಕುವುದಿಲ್ಲ. ಗಡಿಯನ್ನು ಹಾರಿಸುವ ಹೊತ್ತಿಗೇ ಗುರುತಿಸಿ, ಹಿಪ್ಪುನೇರಳೆಯ ಕಡೆ ಒಂದೆರಡು ಸಾಲು ಬಿಟ್ಟು ಅದನ್ನು ಕೈಪಂಪಿನಲ್ಲಿ ಹೊಡೆಯಿರಿ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯ ತಿದ್ದುಪಡಿಯನ್ನು ಮಾಡ್ಯೂಲಿನಲ್ಲಿ ಚಾಲೂ ಮಾಡಿಟ್ಟರೆ ತಪ್ಪು ಇಳಿಯುತ್ತದೆ. ಆರ್‌ಟಿಕೆ (ನೆಲದ ಮೇಲಿನ ಬೇಸ್ ಸ್ಟೇಷನ್ನಿನಿಂದ ಆಗಿಂದಾಗಲೇ ತಿದ್ದುಪಡಿ ಪಡೆಯುವ ವಿಧಾನ) ಹಾಕಿದರೆ ಒಂದೆರಡು ಸೆಂಟಿಮೀಟರಿಗೇ ಬರುತ್ತದೆ. ಸ್ವಂತ ಬೇಸ್ ಇಡಲಾಗದವರಿಗೆ ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲ (ಸದಾ ಚಾಲೂ ಇರುವ ಬೇಸ್ ಸ್ಟೇಷನ್‌ಗಳು) ಕರ್ನಾಟಕದಲ್ಲಿದೆ, ಗದ್ದೆಯಲ್ಲಿ ಮೊಬೈಲ್ ನೆಟ್‌ವರ್ಕ್ ಬೇಕು. ಒಂದು ಎಚ್ಚರಿಕೆ: ಆರ್‌ಟಿಕೆ ಹಾಕಿದರೆ ಕಂಪಾಸಿನ ರೋಗ ವಾಸಿಯಾಗುವುದಿಲ್ಲ. ಎರಡು ಆಂಟೆನಾಗಳನ್ನು ಕನಿಷ್ಠ 30 ಸೆಂಟಿಮೀಟರ್ ದೂರದಲ್ಲಿ ಕೂಡಿಸಿ ಅವುಗಳಿಂದಲೇ ದಿಕ್ಕು ತೆಗೆಯುವ ವ್ಯವಸ್ಥೆಯಾದರೆ ಮಾತ್ರ ಕಂಪಾಸಿನ ಹಂಗು ತಪ್ಪುತ್ತದೆ. ಸಿಂಪಡಣೆಯನ್ನೇ ಕಸುಬು ಮಾಡಿಕೊಂಡವರು ಅದಕ್ಕೆ ದುಡ್ಡು ಹಾಕುವುದು ಸರಿ ಎಂದೇ ನಮ್ಮ ಅಭಿಪ್ರಾಯ.

ಕೇಳಿದ ಪ್ರಶ್ನೆಗಳಲ್ಲಿ ಮೂರು

ಟಿಸಿ (ಟ್ರಾನ್ಸ್‌ಫಾರ್ಮರ್), ಕರೆಂಟ್ ಲೈನ್ ಹತ್ತಿರ ಕಂಪಾಸ್ ಕೆಡುತ್ತದೆಯೇ? ಲೈನಿನ ಕರೆಂಟ್ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವುದರಿಂದ ಅದರ ಕ್ಷೇತ್ರ ಸರಾಸರಿಯಲ್ಲಿ ಬಹುಪಾಲು ಅಳಿದುಹೋಗುತ್ತದೆ. ಅಲ್ಲಿ ಅಪಾಯ ವೈರಿಗೆ ತಗಲುವುದು, ಕಬ್ಬಿಣದ ಕಂಬದ ಪಕ್ಕದಿಂದ ಮೇಲೇರುವುದು. ಎರಡಕ್ಕೂ ದೂರವಿರುವುದೇ ಪರಿಹಾರ.

ನಮ್ಮದೇ ನಾವಿಕ್ (ಜಿಪಿಎಸ್‌ನಂಥ ಭಾರತದ ಉಪಗ್ರಹ ವ್ಯವಸ್ಥೆ) ಇದೆಯಲ್ಲ, ಅದನ್ನು ಬಳಸಬಹುದೇ? ಖಂಡಿತ, ಆದರೆ ಮಾಡ್ಯೂಲು ಅದನ್ನು ಹಿಡಿಯುವಂಥದ್ದಾಗಿರಬೇಕು. ನಾವಿಕ್ ಮೊದಲಿನಿಂದ ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ (ರೇಡಿಯೊ ಆವರ್ತನ) ಬರುತ್ತಿತ್ತು, ಎಲ್1 ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ. ಹಳೆಯ ಎಲ್1 ಮಾಡ್ಯೂಲು ಎಲ್5 ಕೇಳಿಸಿಕೊಳ್ಳದು. ಹೊಸದು ಕೊಳ್ಳುವಾಗ ಎಲ್5 ಮತ್ತು ನಾವಿಕ್ ಎರಡೂ ಇವೆಯೇ ಕೇಳಿ.

ಹಾರುತ್ತಿರುವಾಗಲೇ ಸುತ್ತತೊಡಗಿದರೆ? ಆರ್‌ಟಿಎಲ್ ಒತ್ತಬೇಡಿ. ಆರ್‌ಟಿಎಲ್, ಲಾಯ್ಟರ್ (ಒಂದೇ ಜಾಗ ಹಿಡಿದು ನಿಲ್ಲುವ ಮೋಡ್) ಎರಡೂ ಅದೇ ಕೆಟ್ಟ ದಿಕ್ಕನ್ನೇ ನಂಬಿ ಹಾರುತ್ತವೆ. ಕೂಡಲೇ ಆಲ್ಟ್‌ಹೋಲ್ಡ್‌ಗೆ ಬದಲಿಸಿ. ಅದು ಎತ್ತರವನ್ನು ಮಾತ್ರ ಹಿಡಿಯುತ್ತದೆ, ಜಾಗವನ್ನು ಹಿಡಿಯುವ ಕೆಲಸ ನಿಮ್ಮ ಕೈಗೆ ಬರುತ್ತದೆ. ಪಂಪು ನಿಲ್ಲಿಸಿ, ಸುತ್ತಿನ ವೇಗ ಹಾಗೇ ಉಳಿದಿರುವುದರಿಂದ ಅದರ ಎದುರು ದಿಕ್ಕಿಗೆ ಸ್ಟಿಕ್ ಕೊಟ್ಟು ಮೊದಲು ನಿಲ್ಲಿಸಿ, ಆಮೇಲೆ ಗಾಳಿಗೆ ಎದುರಾಗಿ ಸ್ವಲ್ಪ ಹಿಡಿದುಕೊಂಡೇ ಬರೀ ಜಾಗದಲ್ಲಿ ಇಳಿಸಿ. ಆಲ್ಟ್‌ಹೋಲ್ಡ್ ನಿಮ್ಮ ರಿಮೋಟಿನ ಯಾವ ಸ್ವಿಚ್ಚಿನ ಯಾವ ಸ್ಥಾನದಲ್ಲಿದೆ ಅನ್ನುವುದು ನೋಡದೆಯೇ ಬೆರಳಿಗೆ ಗೊತ್ತಿರಬೇಕು. ಅದಕ್ಕಾಗಿ ವಾರಕ್ಕೊಂದು ಬ್ಯಾಟರಿಯನ್ನು ಮೀಸಲಿಟ್ಟು, ಖಾಲಿ ಟ್ಯಾಂಕಿನಲ್ಲಿ, ಕಟಾವಾದ ಗದ್ದೆಯ ಮೇಲೆ, ಆ ಮೋಡಿನಲ್ಲೇ ಏರಿಸಿ ಆ ಮೋಡಿನಲ್ಲೇ ಇಳಿಸಿ ಅಭ್ಯಾಸ ಮಾಡಿ.